ರಿಸೀವರ್‌ಗಳ ಮೇಷ್ಟರು: ಡ್ಯಾಬೊ ಸ್ವಿನಿ ಅವರ ವೃತ್ತಿಜೀವನದ ಒಂದು ಅವಲೋಕನ

ನಮ್ಮ ಕನ್ನಡ ಕೂಟದ ಕಾರ್ಯಕಾರಿ ಸಮಿತಿಯು ರಾಜ್ಯೋತ್ಸವದ ದಿನವನ್ನು ಗೊತ್ತುಪಡಿಸಲು ಕುಳಿತಾಗ ಮೊದಲು ತೆರೆದು ನೋಡುವುದು ಪಂಚಾಂಗವನ್ನಲ್ಲ, ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ವೇಳಾಪಟ್ಟಿಯನ್ನು. ದಕ್ಷಿಣ ಕೆರೊಲಿನಾದ ವಾಯವ್ಯ ಮೂಲೆಯಲ್ಲಿ, ಬ್ಲೂ ರಿಡ್ಜ್ ಬೆಟ್ಟಗಳ ತಪ್ಪಲಿನಲ್ಲಿರುವ ಈ ಊರಿನ ಜನಸಂಖ್ಯೆ ಇಪ್ಪತ್ತು ಸಾವಿರವನ್ನೂ ಮುಟ್ಟದು. ಅದರ ಕ್ರೀಡಾಂಗಣದಲ್ಲಿ ಮಾತ್ರ ಸುಮಾರು 80,000 ಜನ ಕೂರುತ್ತಾರೆ. ಪಂದ್ಯವಿರುವ ಶನಿವಾರ ಕಾರ್ಯಕ್ರಮವಿಟ್ಟುಕೊಂಡರೆ ಅತಿಥಿಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಅಡುಗೆಯವರ ವ್ಯಾನು ಬರುವುದಿಲ್ಲ, ಕಾಲೇಜಿಗೆ ಹೋಗುವ ನಮ್ಮ ಮಕ್ಕಳಂತೂ ಸಭಾಂಗಣದತ್ತ ತಲೆ ಹಾಕುವುದಿಲ್ಲ. ಒಮ್ಮೆ ಹೀಗಾದ ಮೇಲೆ ನಾವು ಪಾಠ ಕಲಿತೆವು.

ಹೋದ ಸಲದ ಸಭೆಯಲ್ಲಿ ನಮ್ಮ ಹಿರಿಯರೊಬ್ಬರು, "ಇಷ್ಟು ವರ್ಷ ಇಲ್ಲಿದ್ದೇವೆ. ಎಲ್ಲೆಲ್ಲೂ ಕಿತ್ತಳೆ ಬಣ್ಣದ ಹುಲಿಯ ಪಂಜ ಕಾಣುತ್ತದೆ. ಅದರ ಹಿಂದಿನ ಕಥೆ ಏನೆಂದು ಯಾರಾದರೂ ಬರೆಯಬಾರದೆ?" ಎಂದು ಕೇಳಿದರು. ಆ ಮಾತಿಗೆ ಉತ್ತರವಾಗಿ ಈ ಲೇಖನ. ಇಡೀ ಆಟದ ಇತಿಹಾಸವನ್ನು ಹೇಳುವುದು ನಮ್ಮಿಂದಾಗದ ಕೆಲಸ. ಆದುದರಿಂದ ಒಬ್ಬ ತರಬೇತುದಾರರ ವೃತ್ತಿಜೀವನವನ್ನು ಮಾತ್ರ ಆರಿಸಿಕೊಂಡಿದ್ದೇವೆ. ಅವರು ವಿಲಿಯಂ ಕ್ರಿಸ್ಟೋಫರ್ ಸ್ವಿನಿ; ಲೋಕಕ್ಕೆ ಡ್ಯಾಬೊ ಸ್ವಿನಿ. 2008ರ ಅಕ್ಟೋಬರ್‌ವರೆಗೆ ಅವರು ಕೇವಲ ವೈಡ್ ರಿಸೀವರ್‌ಗಳ ತರಬೇತುದಾರರಾಗಿದ್ದರು.

ರಿಸೀವರ್ ಎಂದರೆ ಯಾರು?

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶಗಳು ದೊರೆಯುತ್ತವೆ. ಮುನ್ನಡೆದರೆ ಮತ್ತೆ ನಾಲ್ಕು; ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಲ್ಲಿ ನಿಂತಿದ್ದು, ಆಟ ಆರಂಭವಾದೊಡನೆ ಓಡಿ, ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್.

ನೋಡುವವರಿಗೆ ಇದು ಓಟ ಮತ್ತು ಹಿಡಿತದ ವಿಷಯವೆಂದು ತೋರುತ್ತದೆ. ನಿಜವಾಗಿ ಇದು ಕಾಲಗಣನೆಯ ವಿದ್ಯೆ. ರಿಸೀವರ್ ಓಡುವ ಪ್ರತಿಯೊಂದು ದಾರಿಗೂ ಒಂದು ಹೆಸರು ಅಥವಾ ಸಂಖ್ಯೆ ಉಂಟು. ಎಷ್ಟು ಹೆಜ್ಜೆ ನೇರ, ಯಾವ ಕಾಲೂರಿ ತಿರುವು, ಒಳಗೋ ಹೊರಗೋ, ಎಲ್ಲವೂ ಮೊದಲೇ ನಿಶ್ಚಿತ. ಏಕೆಂದರೆ ಅನೇಕ ಸಂದರ್ಭಗಳಲ್ಲಿ ರಿಸೀವರ್ ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಕೈಬಿಟ್ಟಿರುತ್ತಾನೆ. ತಾನಿನ್ನೂ ತಲುಪದ ಜಾಗಕ್ಕೆ ಚೆಂಡು ಹೊರಟಿದೆ ಎಂಬ ನಂಬಿಕೆಯಿಂದ ಓಡಬೇಕು. ಬರುವ ಚೆಂಡನ್ನು ಎದೆಗೆ ಬಡಿಸಿಕೊಳ್ಳದೆ ಬೆರಳುಗಳಿಂದ ಹಿಡಿಯಬೇಕು. ಚೆಂಡು ಬೇರೊಬ್ಬನ ಪಾಲಾದಾಗ ಅವನಿಗಾಗಿ ಎದುರಾಳಿಯನ್ನು ತಡೆದು ನಿಲ್ಲಬೇಕು. ಈ ಕೊನೆಯ ಕೆಲಸಕ್ಕೆ ಚಪ್ಪಾಳೆ ಇಲ್ಲ, ಅಂಕಪಟ್ಟಿಯಲ್ಲಿ ಹೆಸರೂ ಇಲ್ಲ.

ಇದನ್ನೆಲ್ಲ ಕಲಿಸುವವರೇ ರಿಸೀವರ್‌ಗಳ ತರಬೇತುದಾರರು. ಕಾಲೇಜು ತಂಡದ ಶ್ರೇಣಿಯಲ್ಲಿ ಮೇಲೆ ಮುಖ್ಯ ತರಬೇತುದಾರರು, ಅವರ ಕೆಳಗೆ ಆಕ್ರಮಣಕ್ಕೊಬ್ಬರು ಹಾಗೂ ರಕ್ಷಣೆಗೊಬ್ಬರು ಸಂಯೋಜಕರು, ಅವರ ಕೆಳಗೆ ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬರಂತೆ ತರಬೇತುದಾರರು. ನಾವು ವೈದ್ಯಕೀಯ ವೃತ್ತಿಯವರು ಇವರನ್ನು ಸುಲಭವಾಗಿ ಗುರುತಿಸಬಲ್ಲೆವು. ಸಭಾಂಗಣದಲ್ಲಿ ಉಪನ್ಯಾಸ ಕೊಡುವ ಪ್ರಾಧ್ಯಾಪಕರು ಬೇರೆ. ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು, ವಿದ್ಯಾರ್ಥಿಯ ಬೆರಳನ್ನು ಹಿಡಿದು ರೋಗಿಯ ನಾಡಿಯ ಮೇಲೆ ಸರಿಯಾಗಿ ಇರಿಸುವವರು ಬೇರೆ. ಸ್ವಿನಿ ಎರಡನೆಯ ವರ್ಗದವರು.

ಕರೆಯದೆ ಬಂದವನು

ಸ್ವಿನಿ ಹುಟ್ಟಿದ್ದು 1969ರ ನವೆಂಬರ್ 20ರಂದು, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ. ಬೆಳೆದದ್ದು ಸಮೀಪದ ಪೆಲ್ಹಮ್ ಎಂಬ ಊರಿನಲ್ಲಿ. ಪುಟ್ಟ ಅಣ್ಣ 'ದಟ್ ಬಾಯ್' ಎನ್ನಲು ಹೋಗಿ ತೊದಲಿದ್ದೇ 'ಡ್ಯಾಬೊ' ಆಗಿ ಉಳಿಯಿತು. ತಂದೆಯವರದು ಬಟ್ಟೆ ಒಗೆಯುವ ಯಂತ್ರಗಳನ್ನು ದುರಸ್ತಿ ಮಾಡುವ ವ್ಯಾಪಾರ. ವ್ಯಾಪಾರ ಕುಸಿಯಿತು, ಕುಡಿತ ಹೆಚ್ಚಿತು, ಮನೆ ಕೈಬಿಟ್ಟಿತು, ಸಂಸಾರ ಒಡೆಯಿತು. ತಾಯಿ ಕ್ಯಾರಲ್ ಬಾಲ್ಯದಲ್ಲಿ ಪೋಲಿಯೊ ಪೀಡಿತರಾಗಿ ದೀರ್ಘಕಾಲ ಆಸ್ಪತ್ರೆಯಲ್ಲಿ ಕಳೆದು, ಮತ್ತೆ ನಡೆಯಲು ಕಲಿತವರು. ಪೋಲಿಯೊ ಹನಿ ಹಾಕುವ ಭಾನುವಾರಗಳಲ್ಲಿ ಬೂತಿನಲ್ಲಿ ಕುಳಿತ ನೆನಪಿರುವ ನಮ್ಮಂಥವರಿಗೆ ಆ ಒಂದು ವಾಕ್ಯದ ಹಿಂದಿರುವ ವರ್ಷಗಳ ಭಾರ ಏನೆಂದು ವಿವರಿಸಬೇಕಾಗಿಲ್ಲ.

ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಸ್ವಿನಿಗೆ ಫುಟ್‌ಬಾಲ್ ಸ್ಕಾಲರ್‌ಶಿಪ್ ಇರಲಿಲ್ಲ. ಸರ್ಕಾರದ ಬಡ ವಿದ್ಯಾರ್ಥಿಗಳ ಅನುದಾನ ಮತ್ತು ಸಾಲದಿಂದ ಓದು ಸಾಗಿತು. ಯಾರೂ ಕರೆಯದೆ ತಾನೇ ಹೋಗಿ ತಂಡದ ಬಾಗಿಲು ತಟ್ಟುವ ಆಟಗಾರನನ್ನು ಇಲ್ಲಿ 'ವಾಕ್-ಆನ್' ಎನ್ನುತ್ತಾರೆ. ಸ್ವಿನಿ ಹಾಗೆ ಬಂದವರು. ಸ್ಕಾಲರ್‌ಶಿಪ್ ದೊರೆತದ್ದು ಆಮೇಲೆ. ಅವರು ಬಂದ ಹೊಸತರಲ್ಲಿ ಅಲ್ಲಿ ರಿಸೀವರ್‌ಗಳ ತರಬೇತುದಾರರಾಗಿದ್ದವರು ಟಾಮಿ ಬೌಡೆನ್. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮನೆಯಿಲ್ಲದ ತಾಯಿ ಮಗನೊಂದಿಗೆ ಬಂದು ನೆಲೆಸಿದರು. ಸಹಪಾಠಿಯೊಬ್ಬನೊಂದಿಗೆ ಹಂಚಿಕೊಂಡಿದ್ದ ಬಾಡಿಗೆಯ ಮನೆಯಲ್ಲಿ ತಾಯಿ, ಮಗ ಒಂದೇ ಕೋಣೆ, ಒಂದೇ ಹಾಸಿಗೆ. ತಾಯಿ ಬರ್ಮಿಂಗ್‌ಹ್ಯಾಮಿನ ಬಟ್ಟೆಯಂಗಡಿಯ ಕೆಲಸಕ್ಕೆ ಅಲ್ಲಿಂದಲೇ ಹೋಗಿ ಬರುತ್ತಿದ್ದರು. ಬೇಸಿಗೆಯಲ್ಲಿ ಮಗ ಮನೆಗಳ ಸೂರಿನ ದೋಣಿಗಳಿಂದ ಎಲೆ, ಕಸ ತೆಗೆದು ಸಂಪಾದಿಸುತ್ತಿದ್ದ. ಮೈದಾನದಲ್ಲಿ ಅವರ ಒಟ್ಟು ಸಾಧನೆ ಏಳು ಚೆಂಡುಗಳನ್ನು ಹಿಡಿದು 81 ಗಜ ಕ್ರಮಿಸಿದ್ದು. ಆದರೆ ಜೀನ್ ಸ್ಟಾಲಿಂಗ್ಸ್ ಅವರ ಮಾರ್ಗದರ್ಶನದಲ್ಲಿ, 1993ರ ಜನವರಿ 1ರಂದು ಮಯಾಮಿಯನ್ನು 34-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ತಂಡದಲ್ಲಿ ಅವರಿದ್ದರು. ವಾಣಿಜ್ಯದಲ್ಲಿ ಪದವಿ ಪಡೆದು, 1995ರಲ್ಲಿ ಎಂ.ಬಿ.ಎ. ಮುಗಿಸಿದರು. ಓದುತ್ತಲೇ ತರಬೇತಿಯಲ್ಲಿ ಸಹಾಯಕ ವಿದ್ಯಾರ್ಥಿಯಾಗಿದ್ದು, 1996ರಲ್ಲಿ ಅಲಬಾಮಾದಲ್ಲೇ ಪೂರ್ಣಾವಧಿಯ ಸಹಾಯಕ ತರಬೇತುದಾರರಾದರು.

ಎರಡು ಖಾಲಿ ವರ್ಷಗಳು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ಕಠೋರ ರೂಢಿಯುಂಟು. ಮುಖ್ಯ ತರಬೇತುದಾರರನ್ನು ತೆಗೆದರೆ ಅವರ ಇಡೀ ಸಿಬ್ಬಂದಿಯ ಕೆಲಸವೂ ಸಾಮಾನ್ಯವಾಗಿ ಹೋಗುತ್ತದೆ. ಅಲಬಾಮಾ 1999ರಲ್ಲಿ ತನ್ನ ವಲಯದ ಪ್ರಶಸ್ತಿಯನ್ನು ಗೆದ್ದಿತ್ತು. ಮರುವರ್ಷವೇ ಮೂರು ಗೆಲುವು, ಎಂಟು ಸೋಲು. ಮುಖ್ಯ ತರಬೇತುದಾರ ಮೈಕ್ ಡುಬೋಸ್ ಹೊರಬಿದ್ದರು, ಸ್ವಿನಿಯೂ ಹೊರಬಿದ್ದರು.

ಮುಂದಿನ ಎರಡು ವರ್ಷ, 2001 ಮತ್ತು 2002ರ ಋತುಗಳಲ್ಲಿ, ಅವರು ಯಾವ ತಂಡಕ್ಕೂ ಸೇರಲಿಲ್ಲ. ಅಲಬಾಮಾದಲ್ಲಿ ತಮಗೆ ದೇಹದಾರ್ಢ್ಯದ ತರಬೇತಿ ನೀಡಿದ್ದ ರಿಚ್ ವಿಂಗೊ ಅವರು ಬರ್ಮಿಂಗ್‌ಹ್ಯಾಮಿನ ಒಂದು ಸ್ಥಿರಾಸ್ತಿ ಕಂಪನಿಯಲ್ಲಿದ್ದರು. ಅಲ್ಲಿ ಸ್ವಿನಿ ವ್ಯಾಪಾರ ಮಳಿಗೆಗಳನ್ನು ಬಾಡಿಗೆಗೆ ಕೊಡಿಸುವ ಕೆಲಸಕ್ಕೆ ಸೇರಿದರು. ಮೂವತ್ತು ದಾಟಿದ ವಯಸ್ಸು, ಹೆಂಡತಿ, ಚಿಕ್ಕ ಮಕ್ಕಳು. ಆಟದ ಲೋಕವು ತನ್ನನ್ನು ಬಿಟ್ಟು ಮುಂದೆ ಹೋಗಿರುವಂತೆ ಕಾಣುವ ಕಾಲ.

ಇಲ್ಲಿ ನಾವು ಕ್ಷಣಕಾಲ ನಿಲ್ಲಲೇಬೇಕು. ನಮ್ಮ ಕೂಟದಲ್ಲಿ ಇಂತಹ ಖಾಲಿ ವರ್ಷಗಳಿಲ್ಲದ ಮನೆ ಯಾವುದು? ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಲ್ಲಿ 'ಡಾಕ್ಟರೇ' ಎಂದು ಕರೆಸಿಕೊಂಡು, ಇಲ್ಲಿಗೆ ಬಂದ ನಮ್ಮಲ್ಲಿ ಕೆಲವರು ಪರೀಕ್ಷೆ ಬರೆಯುತ್ತ, ರೆಸಿಡೆನ್ಸಿಗೆ ಕಾಯುತ್ತ, ಯಾರದೋ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ಮಾದರಿಗಳಿಗೆ ಚೀಟಿ ಅಂಟಿಸುತ್ತ ಕುಳಿತವರು. ಸಂದರ್ಶನದಲ್ಲಿ ಒಬ್ಬರು ನಮ್ಮ ಅರ್ಜಿಯ ಮೇಲೆ ಬೆರಳಿಟ್ಟು, "ಈ ಎರಡು ವರ್ಷ ನೀವು ಏನು ಮಾಡುತ್ತಿದ್ದಿರಿ?" ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಅವಲಂಬಿತರ ವೀಸಾದಲ್ಲಿ ಬಂದ ನಮ್ಮ ಎಷ್ಟೋ ಸಹೋದರಿಯರು ಇಂಜಿನಿಯರಿಂಗ್ ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳೆದ ವರ್ಷಗಳು ಎರಡಲ್ಲ, ಹತ್ತು. ಆ ವರ್ಷಗಳನ್ನು ನಾವು ಮಕ್ಕಳ ಮುಂದೆ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ. ಹೇಳಬೇಕೆಂದು ಈಗ ಅನ್ನಿಸುತ್ತದೆ.

ಕರೆ ಬಂದದ್ದು 2003ರಲ್ಲಿ. ಕ್ಲೆಮ್ಸನ್‌ನ ಮುಖ್ಯ ತರಬೇತುದಾರರಾಗಿದ್ದ ಟಾಮಿ ಬೌಡೆನ್, ಹಿಂದೊಮ್ಮೆ ಕರೆಯದೆ ಬಂದಿದ್ದ ಆ ಹುಡುಗನನ್ನು ಮರೆತಿರಲಿಲ್ಲ. ಈ ಬಾರಿ ಅವರೇ ಕರೆದು, ರಿಸೀವರ್‌ಗಳ ಹೊಣೆಯನ್ನು ಒಪ್ಪಿಸಿದರು.

ಹಂಗಾಮಿ

ಕ್ಲೆಮ್ಸನ್‌ನಲ್ಲಿ ಸ್ವಿನಿ ಐದೂವರೆ ಋತುಗಳ ಕಾಲ ರಿಸೀವರ್‌ಗಳ ಮೇಷ್ಟರಾಗಿದ್ದರು. ಆರನ್ ಕೆಲಿಯಂಥವರು ಅವರ ಕೈಯಲ್ಲಿ ಪಳಗಿದರು. ಹೈಸ್ಕೂಲುಗಳಿಂದ ಹುಡುಗರನ್ನು ಆರಿಸಿ ತರುವ ಕೆಲಸದಲ್ಲೂ ಅವರು ಹೆಸರು ಮಾಡಿದರು. ಆ ಕೆಲಸವೆಂದರೆ ನೂರಾರು ಮೈಲಿ ಕಾರೋಡಿಸಿ, ಸಣ್ಣ ಊರುಗಳ ಅಡುಗೆಮನೆಯ ಮೇಜಿನ ಬಳಿ ಕುಳಿತು, "ನಿಮ್ಮ ಮಗನನ್ನು ನಮಗೆ ಒಪ್ಪಿಸಿ" ಎಂದು ತಾಯಂದಿರನ್ನು ಒಪ್ಪಿಸುವುದು. ಫ್ಲಾರಿಡಾದ ಲೇಕ್ ಬಟ್ಲರ್ ಎಂಬ ಪುಟ್ಟ ಊರಿನ ಸಿ. ಜೆ. ಸ್ಪಿಲ್ಲರ್ ಎಂಬ ಓಟಗಾರ, ಮನೆಯ ಹತ್ತಿರದ ದೊಡ್ಡ ಹೆಸರುಗಳನ್ನೆಲ್ಲ ಬಿಟ್ಟು 2006ರಲ್ಲಿ ಕ್ಲೆಮ್ಸನ್ನಿಗೆ ಬಂದದ್ದರಲ್ಲಿ ಸ್ವಿನಿಯವರ ಪಾತ್ರ ದೊಡ್ಡದು.

2008ರ ಋತುವನ್ನು ಕ್ಲೆಮ್ಸನ್ ದೇಶದ ಮೊದಲ ಹತ್ತು ತಂಡಗಳಲ್ಲೊಂದೆಂಬ ಅಂದಾಜಿನೊಡನೆ ಆರಂಭಿಸಿತು. ಆರು ಪಂದ್ಯಗಳಾಗುವಷ್ಟರಲ್ಲಿ ಮೂರು ಸೋಲು. ಅಕ್ಟೋಬರ್ 13ರ ಸೋಮವಾರ ಬೌಡೆನ್ ನಿರ್ಗಮಿಸಿದರು. ಕ್ರೀಡಾ ನಿರ್ದೇಶಕ ಟೆರಿ ಡಾನ್ ಫಿಲಿಪ್ಸ್ ಅವರು ಉಳಿದ ಪಂದ್ಯಗಳಿಗೆ ಹಂಗಾಮಿ ಮುಖ್ಯಸ್ಥರನ್ನು ನೇಮಿಸಬೇಕಾಗಿತ್ತು. ಸಂಯೋಜಕರಿಬ್ಬರನ್ನೂ ದಾಟಿ ಅವರು ಆರಿಸಿದ್ದು, ಯಾವ ತಂಡದಲ್ಲೂ ಎಂದೂ ಸಂಯೋಜಕರಾಗಿರದ ರಿಸೀವರ್‌ಗಳ ತರಬೇತುದಾರರನ್ನು. ಅಭ್ಯಾಸದ ಸಮಯದಲ್ಲಿ ಮೈದಾನದ ಬದಿಯಲ್ಲಿ ನಿಂತು ಫಿಲಿಪ್ಸ್ ಗಮನಿಸುತ್ತಿದ್ದರಂತೆ: ತಮ್ಮ ವಿಭಾಗದವರಲ್ಲದ ಹುಡುಗರೂ ಈ ಮನುಷ್ಯನ ಸುತ್ತ ಸೇರುತ್ತಾರೆ, ಅವನು ಗದರಿಸಿದರೂ ದೂರ ಹೋಗುವುದಿಲ್ಲ.

ಅಂದು ಹಲವರು ಈ ನೇಮಕವನ್ನು ನಗೆಯಾಡಿದರು. ಸ್ವಿನಿ ಹೊಣೆ ಹೊತ್ತ ಕೂಡಲೇ ಆಕ್ರಮಣ ಸಂಯೋಜಕರನ್ನು ಬಿಡುಗಡೆ ಮಾಡಿದರು. ತಾವು ಬಿಟ್ಟ ಸ್ಥಾನಕ್ಕೆ ಜೆಫ್ ಸ್ಕಾಟ್ ಎಂಬ ಯುವಕನನ್ನು ತಂದರು. ಪಂದ್ಯಕ್ಕೆ ಮುನ್ನ ಆಟಗಾರರು ಅಭಿಮಾನಿಗಳ ನಡುವೆ ನಡೆದು ಬರುವ 'ಟೈಗರ್ ವಾಕ್' ಪದ್ಧತಿಯನ್ನು ಆರಂಭಿಸಿದರು. ಮೊದಲ ಪಂದ್ಯದಲ್ಲಿ ಜಾರ್ಜಿಯಾ ಟೆಕ್ ಎದುರು 21-17ರಿಂದ ಸೋಲು. ಆದರೆ ಉಳಿದ ಐದರಲ್ಲಿ ನಾಲ್ಕು ಗೆಲುವು. ಕೊನೆಯದು ಈ ರಾಜ್ಯವನ್ನೇ ಎರಡಾಗಿ ಸೀಳುವ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಎದುರು, 31-14. ಡಿಸೆಂಬರ್ 1ರಂದು ಅವರ ಪದನಾಮದಿಂದ 'ಹಂಗಾಮಿ' ಎಂಬ ಮೂರಕ್ಷರ ಕಳಚಿತು.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. 2010ರಲ್ಲಿ ತಂಡ ಆರು ಗೆದ್ದು ಏಳು ಸೋತಿತು. ದಕ್ಷಿಣ ಕೆರೊಲಿನಾದ ಎದುರಿನ ಸೋಲಿನ ನಂತರ ಫಿಲಿಪ್ಸ್ ತಮ್ಮನ್ನು ಕಾಣಲು ಬಂದಾಗ ಕೆಲಸ ಹೋಯಿತೆಂದೇ ಸ್ವಿನಿ ಭಾವಿಸಿದ್ದರಂತೆ. ಬಂದವರು ಧೈರ್ಯ ಹೇಳಿ ಹೋದರು. ಮರುವರ್ಷ ಕ್ಲೆಮ್ಸನ್ ತನ್ನ ವಲಯದ ಪ್ರಶಸ್ತಿಯನ್ನು ಗೆದ್ದಿತು. 1991ರ ಬಳಿಕ ಅದೇ ಮೊದಲು. ಒಬ್ಬರ ಯಶಸ್ಸಿನ ಕಥೆಯಲ್ಲಿ ತಾಳ್ಮೆಯಿಂದ ಒಂದು ವರ್ಷ ಕಾದವರ ಹೆಸರನ್ನು ನಾವು ಬೇಗ ಮರೆಯುತ್ತೇವೆ. ಫಿಲಿಪ್ಸ್ ಅವರ ಹೆಸರನ್ನು ಮರೆಯಬಾರದು.

ಹಿಡಿದ ಕೈಗಳು

ಮುಖ್ಯಸ್ಥರಾದರೂ ಸ್ವಿನಿಯವರ ತಂಡದ ಮೇಲೆ ರಿಸೀವರ್ ಮೇಷ್ಟರ ಮುದ್ರೆ ಉಳಿಯಿತು. 2012ರ ಡಿಸೆಂಬರ್ 31ರಂದು ಲೂಸಿಯಾನಾ ಸ್ಟೇಟ್ ವಿರುದ್ಧ ನಾಲ್ಕನೆಯ ಅವಕಾಶ, ಇನ್ನೂ 16 ಗಜ ಬೇಕು, ಸಮಯ ಮುಗಿಯುತ್ತಿದೆ. ಡಿಆಂಡ್ರೆ ಹಾಪ್ಕಿನ್ಸ್ ಆ ಕ್ಷಣದಲ್ಲಿ 26 ಗಜದ ಎಸೆತವನ್ನು ಹಿಡಿದರು. ಕ್ಲೆಮ್ಸನ್ 25-24ರಿಂದ ಗೆದ್ದಿತು. 2014ರ ಆರೆಂಜ್ ಬೌಲ್ ಪಂದ್ಯದಲ್ಲಿ ಸ್ಯಾಮಿ ವಾಟ್ಕಿನ್ಸ್ 16 ಚೆಂಡು ಹಿಡಿದು 227 ಗಜ ಕ್ರಮಿಸಿದರು.

ಆದರೆ ಇತಿಹಾಸದ ವಿದ್ಯಾರ್ಥಿಯು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಹಂಟರ್ ರೆನ್‌ಫ್ರೋ ಎಂಬ ಹುಡುಗನ ಬಳಿ. ಮರ್ಟಲ್ ಬೀಚ್ ಕಡೆಯ, ಸಣಕಲು ಮೈಯ ಈ ಹುಡುಗ 2014ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ಕ್ಲೆಮ್ಸನ್ನಿಗೆ ಬಂದ. ಅವನೂ ವಾಕ್-ಆನ್, ಅವನೂ ರಿಸೀವರ್. 2017ರ ಜನವರಿ 9ರಂದು ಟ್ಯಾಂಪಾ ನಗರದಲ್ಲಿ ರಾಷ್ಟ್ರೀಯ ಅಂತಿಮ ಪಂದ್ಯ. ಎದುರಾಳಿ ಸ್ವಿನಿಯವರ ಮಾತೃಸಂಸ್ಥೆ ಅಲಬಾಮಾ. ಹಿಂದಿನ ವರ್ಷ ಇದೇ ತಂಡದ ಎದುರು 45-40ರಿಂದ ಸೋತ ಗಾಯ ಹಸಿಯಾಗಿತ್ತು. ಎರಡು ನಿಮಿಷ ಉಳಿದಿರುವಾಗ ಕ್ಲೆಮ್ಸನ್ ಮೂರು ಅಂಕ ಹಿಂದೆ. ಚೆಂಡು ಮೈದಾನದುದ್ದಕ್ಕೂ ಸಾಗಿ ಎರಡು ಗಜದ ಗೆರೆಗೆ ಬಂದಿತು. ಒಂದು ಸೆಕೆಂಡು ಮಾತ್ರ ಉಳಿಯುವಂತೆ ಡಿಶಾನ್ ವಾಟ್ಸನ್ ಬಲಕ್ಕೋಡಿ ಎಸೆದ ಚೆಂಡನ್ನು ಹಿಡಿದವನು ಆ ವಾಕ್-ಆನ್ ಹುಡುಗ. 35-31. ಕ್ಲೆಮ್ಸನ್‌ಗೆ 1981ರ ನಂತರ ಮೊದಲ ರಾಷ್ಟ್ರೀಯ ಪ್ರಶಸ್ತಿ. ಏಳು ಚೆಂಡು ಹಿಡಿದಿದ್ದ ಹಳೆಯ ವಾಕ್-ಆನ್ ಒಬ್ಬರು ಗೆರೆಯಾಚೆ ನಿಂತು ಅದನ್ನು ನೋಡುತ್ತಿದ್ದರು.

ಎರಡು ವರ್ಷಗಳ ಬಳಿಕ, 2019ರ ಜನವರಿ 7ರಂದು, ಮತ್ತೆ ಅಲಬಾಮಾವನ್ನು 44-16ರಿಂದ ಸೋಲಿಸಿದರು. 15 ಪಂದ್ಯ, 15 ಗೆಲುವು. ಆ ಪಂದ್ಯ ನಡೆದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ. ಕನ್ನಡ ಮಾತು ದಿನಸಿ ಅಂಗಡಿಯಲ್ಲೂ ಕಿವಿಗೆ ಬೀಳುವ ಊರದು. ಅಂದಿನ ತಾರೆಗಳಲ್ಲೊಬ್ಬ ಮೊದಲ ವರ್ಷದ ರಿಸೀವರ್ ಜಸ್ಟಿನ್ ರಾಸ್: ಆರು ಚೆಂಡು, 153 ಗಜ.

ವೈದ್ಯರ ಕಣ್ಣಿಗೆ ಕಾಣುವುದು

ರಾಸ್ ಅವರ ಮುಂದಿನ ಕಥೆ ನಮ್ಮ ವೃತ್ತಿಗೆ ಸೇರಿದ್ದು. ಅಭ್ಯಾಸದಲ್ಲಿ ಪೆಟ್ಟಾಗಿ ಪರೀಕ್ಷಿಸಿದಾಗ, ಕತ್ತಿನ ಕಶೇರುಕಗಳು ಹುಟ್ಟಿನಿಂದಲೇ ಬೆಸೆದುಕೊಂಡಿರುವುದು ತಿಳಿಯಿತು. ಇದನ್ನು ಕ್ಲಿಪ್ಪೆಲ್-ಫೈಲ್ ಸ್ಥಿತಿ ಎನ್ನುತ್ತೇವೆ. ಹಲವರಲ್ಲಿ ಇದು ತಿಳಿಯದೆಯೇ ಆಯಸ್ಸು ಕಳೆಯುತ್ತದೆ. ಆದರೆ ಬೆಸೆದ ಮೂಳೆಗಳು ಬಾಗದಿರುವುದರಿಂದ ಪೆಟ್ಟಿನ ಒತ್ತಡವೆಲ್ಲ ಪಕ್ಕದ ಕೀಲುಗಳ ಮೇಲೆ ಬೀಳುತ್ತದೆ. ಅದರೊಳಗೆ ಹಾದುಹೋಗುವುದು ಬೆನ್ನುಹುರಿ. ಕಣ್ಣನ್ನು ಚೆಂಡಿನ ಮೇಲೆ ನೆಟ್ಟ ರಿಸೀವರ್‌ಗೆ ತನ್ನ ಮೇಲೆ ಬರುವ ಪೆಟ್ಟು ಕಾಣುವುದೇ ಇಲ್ಲ. 2020ರ ಜೂನ್‌ನಲ್ಲಿ ಸ್ವಿನಿ ಈ ವಿಷಯವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾಯಿತು, ರಾಸ್ ಒಂದು ಋತುವನ್ನು ಬಿಟ್ಟು, 2021ರಲ್ಲಿ ಮರಳಿ ಆಡಿದರು.

ಮರಳಿದ್ದು ಸಂತೋಷ. ಆದರೂ ನಾವು ಕೇಳದೆ ಇರಲಾಗದ ಪ್ರಶ್ನೆಯೊಂದಿದೆ. ಇಂತಹ ಅಪಾಯವನ್ನು ಹೊತ್ತು ಆಡುವ ಹುಡುಗನಿಗೆ ಸಿಗುತ್ತಿದ್ದುದೇನು? ಓದಿನ ಖರ್ಚು, ವಸತಿ, ಊಟ. ಅದೇ ಕಾಲದಲ್ಲಿ, 2019ರ ಏಪ್ರಿಲ್‌ನಲ್ಲಿ, ಸ್ವಿನಿಯವರಿಗೆ ದೊರೆತದ್ದು ಹತ್ತು ವರ್ಷಗಳಿಗೆ 9 ಕೋಟಿ 30 ಲಕ್ಷ ಡಾಲರುಗಳ ಒಪ್ಪಂದ. ಕಾಲೇಜು ಆಟಗಾರರನ್ನು ವೃತ್ತಿಪರರನ್ನಾಗಿ ಮಾಡುವುದನ್ನು ಅವರು ಬಹಳ ಕಾಲ ವಿರೋಧಿಸಿದವರು. ವಿದ್ಯೆಯ ಬೆಲೆ ಕುಗ್ಗುತ್ತದೆ ಎಂಬುದು ಅವರ ವಾದ. ಅನುದಾನದಿಂದ ಓದಿ ಪದವಿಯೊಂದರಿಂದಲೇ ಬದುಕನ್ನು ಕಟ್ಟಿಕೊಂಡವರ ಬಾಯಲ್ಲಿ ಆ ವಾದ ಸುಳ್ಳಲ್ಲ. ಆದರೆ ತಾಯಿಯೊಡನೆ ಒಂದೇ ಹಾಸಿಗೆ ಹಂಚಿಕೊಂಡ ವಿದ್ಯಾರ್ಥಿಗೆ ನ್ಯಾಯವಾದ ಪಾಲು ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ಇತ್ಯರ್ಥದಂತೆ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದಾಯಿತು. ಬೇರೆ ಕಾಲೇಜುಗಳಿಂದ ಆಟಗಾರರನ್ನು ಕರೆತರುವ ಹೊಸ ಪದ್ಧತಿಗೆ ಸ್ವಿನಿ ನಿಧಾನವಾಗಿಯೇ ಹೊಂದಿಕೊಂಡರು. ಅದಕ್ಕಾಗಿ ಟೀಕೆಯನ್ನೂ ಕೇಳಿದರು. 2023ರ ನವೆಂಬರ್ 4ರಂದು ನಾಟರ್ ಡೇಮ್ ತಂಡವನ್ನು ಸೋಲಿಸಿ, 166ನೆಯ ಗೆಲುವಿನೊಂದಿಗೆ ಕ್ಲೆಮ್ಸನ್ ಇತಿಹಾಸದಲ್ಲಿ ಅತಿ ಹೆಚ್ಚು ಗೆದ್ದ ತರಬೇತುದಾರರಾದರು. ಹೊಗಳಿಕೆ ಮತ್ತು ಅನುಮಾನ ಎರಡನ್ನೂ ಜೊತೆಗಿಟ್ಟುಕೊಂಡೇ ಈ ಜೀವನವನ್ನು ಓದಬೇಕೆಂದು ನಮ್ಮ ಅಭಿಪ್ರಾಯ.

ಪಾಠ ಮುಂದುವರಿಯಿತು

ಕೊನೆಯದಾಗಿ ಒಂದು ಸಂಗತಿ. 2005ರಿಂದ 2008ರವರೆಗೆ ಸ್ವಿನಿಯವರ ಕೈಕೆಳಗೆ ರಿಸೀವರ್ ಆಗಿ ಕಲಿತ ಟೈಲರ್ ಗ್ರಿಶಮ್ ಎಂಬವರು 2020ರಲ್ಲಿ ಕ್ಲೆಮ್ಸನ್‌ನ ರಿಸೀವರ್‌ಗಳ ತರಬೇತುದಾರರಾದರು. ಬೌಡೆನ್ ಅವರಿಂದ ಸ್ವಿನಿಗೆ, ಸ್ವಿನಿಯಿಂದ ಗ್ರಿಶಮ್‌ಗೆ. ಪ್ರಶಸ್ತಿಗಳ ಪಟ್ಟಿಯಲ್ಲಿ ಕಾಣದ ಈ ಪರಂಪರೆಯೇ ನಮಗೆ ಹೆಚ್ಚು ಪರಿಚಿತವೆನಿಸುತ್ತದೆ. ನಮ್ಮ ಬೆರಳನ್ನು ನಾಡಿಯ ಮೇಲಿರಿಸಿದವರ ಹೆಸರನ್ನು ನಾವು ಯಾವ ಪ್ರಮಾಣಪತ್ರದಲ್ಲೂ ಬರೆದಿಲ್ಲ. ಆದರೆ ಇಂದಿಗೂ ಕಿರಿಯ ವೈದ್ಯರಿಗೆ ನಾವು ಕಲಿಸುವಾಗ ನಮ್ಮ ಬಾಯಿಂದ ಬರುವುದು ಅವರ ಮಾತೇ.

ನಮ್ಮ ಶನಿವಾರದ ಕನ್ನಡ ಶಾಲೆಯಲ್ಲಿ 'ಕ'ಕ್ಕೆ ಕಾಗುಣಿತ ಬರೆಸುವ ಸ್ವಯಂಸೇವಕರೂ ಒಂದು ಅರ್ಥದಲ್ಲಿ ಹಂಗಾಮಿಗಳೇ. ಯಾರೂ ನೇಮಿಸದೆ ಬಂದವರೇ. ಈ ಸಲ ರಾಜ್ಯೋತ್ಸವದ ದಿನದಂದು ಪಂದ್ಯ ಹೊರಗಿನ ಊರಿನಲ್ಲಿದೆಯೆಂದು ಕಾರ್ಯದರ್ಶಿಗಳು ಖಚಿತಪಡಿಸಿದ್ದಾರೆ. ಎಲ್ಲರೂ ಬನ್ನಿ. ಊಟದ ಸಾಲಿನಲ್ಲಿ ನಿಂತಾಗ, ನಿಮ್ಮ ಖಾಲಿ ವರ್ಷಗಳ ಕಥೆಯನ್ನು ಪಕ್ಕದಲ್ಲಿರುವ ಯಾವುದಾದರೂ ಮಗುವಿಗೆ ಹೇಳಿರಿ.